ಊಟ ಮುಗಿಸಿ ಬರುವುದರೊಳಗೆ ಅರ್ಜಿ ಅಳಿದುಹೋಗುತ್ತಿದೆ

ಪ್ರಶ್ನೆ: ನಮ್ಮದು ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘ. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಶಾಖೆಯವರೆಲ್ಲ ಮುಖ್ಯ ಕಚೇರಿಯ ಒಂದೇ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಸಂಜೆ ಯಾರೂ ಲಾಗ್ ಆಫ್ ಮಾಡುವುದಿಲ್ಲ, ಮೇಲಿನ ಇಂಟು ಗುರುತು ಒತ್ತಿ ಎದ್ದುಬಿಡುತ್ತಾರೆ. ಬೆಳಿಗ್ಗೆ ಸರ್ವರ್ ಏಳುವುದೇ ಇಲ್ಲ ಎನ್ನುವಷ್ಟು ನಿಧಾನ. ಅದಕ್ಕೆ ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ನಿಯಮ ಹಾಕುವ ವಿಂಡೋಸ್ ವ್ಯವಸ್ಥೆ) ಮುಟ್ಟದೆ ಬಿಟ್ಟ ಸೆಷನ್‌ಗೆ, ಅಂದರೆ ಲಾಗಿನ್ ಆಗಿ ತೆರೆದಿಟ್ಟ ಕೆಲಸಕ್ಕೆ, 15 ನಿಮಿಷದ ಮಿತಿ ಹಾಕಿದೆ. ಈಗ ಊಟಕ್ಕೆ ಹೋಗಿ ಬಂದವರು ಅರ್ಧ ತುಂಬಿದ ಸಾಲದ ಅರ್ಜಿಯೇ ಇಲ್ಲ ಎನ್ನುತ್ತಾರೆ. ತಿಂಗಳ ಕೊನೆಗೆ ರಾತ್ರಿ ಓಡಿಸುವ ಬಡ್ಡಿ ಲೆಕ್ಕವೂ ನಡುವೆಯೇ ನಿಂತಿತು. ಮಿತಿ ತೆಗೆದುಬಿಡಲೇ?
– ಒಬ್ಬ ಓದುಗ, ವಿಜಯಪುರ

ಉತ್ತರ: ತೆಗೆಯಬೇಡಿ. ನಿಮ್ಮ ಸಿಬ್ಬಂದಿಯ ಸಿಟ್ಟು ನ್ಯಾಯವಾದದ್ದು. ಆದರೆ ಬರೀ ಆ 15 ನಿಮಿಷದಿಂದ ಹೀಗಾಗುವುದಿಲ್ಲ. ಅದೇ ಪಟ್ಟಿಯಲ್ಲಿ ‘ಎಂಡ್ ಸೆಷನ್ ವೆನ್ ಟೈಮ್ ಲಿಮಿಟ್ಸ್ ಆರ್ ರೀಚ್ಡ್’ ಎಂಬುದನ್ನೂ ನೀವು ಎನೇಬಲ್ ಮಾಡಿರಬೇಕು. ಮೊದಲು ಅದನ್ನು ನೋಡಿ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಬೆಳಗಾವಿಯಲ್ಲಿ ನಾನು ಸರ್ವರ್ ನೋಡಿಕೊಳ್ಳುತ್ತಿದ್ದ ಕಚೇರಿಯಲ್ಲಿ ಕಬ್ಬಿನ ಹಂಗಾಮಿನ ನಡುವೆ ಇದನ್ನೇ ಮಾಡಿದ್ದೆ. ಲೆಕ್ಕಪತ್ರ ವಿಭಾಗದ ಅಕ್ಕ ಒಬ್ಬರು ತೂಕದ ಚೀಟಿಗಳನ್ನು ನೋಡಿ ಎಂಟ್ರಿ ಮಾಡುತ್ತಿದ್ದರು. ಚಹಾಕ್ಕೆ ಏಳುವಾಗ ಎಲ್ಲಿಗೆ ನಿಲ್ಲಿಸಿದೆ ಎಂಬ ಗುರುತಿಗೆ ಚೀಟಿಯ ಕಟ್ಟಿನ ನಡುವೆ ಸ್ಟೀಲ್ ಫೂಟುಪಟ್ಟಿ ಸಿಕ್ಕಿಸಿ ಹೋದರು. ಬಂದಾಗ ಪಟ್ಟಿ ಇಟ್ಟಲ್ಲೇ ಇತ್ತು, ಪರದೆಯ ಮೇಲೆ ಮಾತ್ರ ಲಾಗಿನ್ ಕೇಳುತ್ತಿತ್ತು. “ಅಣ್ಣಾರ, ಮುಂಜಾನಿಂದ ಬಡದದ್ದು ಎಲ್ಲಾ ಹೋತಲ್ರೀ” ಎಂದರು. ಆವತ್ತು ಸಂಜೆ ಅವರ ಪಕ್ಕ ಕೂತು ಚೀಟಿ ಓದಿ ಹೇಳಿದೆ, ಅವರು ಮತ್ತೆ ಹೊಡೆದರು. ಮುಗಿಯುವಾಗ ಎಂಟೂವರೆ.

ಡಿಸ್ಕನೆಕ್ಟ್ ಬೇರೆ, ಲಾಗ್ ಆಫ್ ಬೇರೆ. ಡಿಸ್ಕನೆಕ್ಟ್ ಆದಾಗ ತೆರೆದಿಟ್ಟದ್ದೆಲ್ಲ ಸರ್ವರ್‌ನಲ್ಲಿ ಹಾಗೆಯೇ ಇರುತ್ತದೆ, ಮತ್ತೆ ಲಾಗಿನ್ ಆದರೆ ಬಿಟ್ಟ ಸಾಲಿನಲ್ಲೇ ಕರ್ಸರ್ ಮಿನುಗುತ್ತಿರುತ್ತದೆ. ಲಾಗ್ ಆಫ್ ಆದರೆ ಸೇವ್ ಮಾಡದ್ದು ಹೋದಂತೆಯೇ. ಮುಟ್ಟದೆ ಬಿಟ್ಟ ಸೆಷನ್ ಮಿತಿ ದಾಟಿದರೆ ಸರ್ವರ್ ಅದನ್ನು ಡಿಸ್ಕನೆಕ್ಟ್ ಮಾಡುತ್ತದೆ, ಅಷ್ಟೇ. ‘ಎಂಡ್ ಸೆಷನ್’ ಎನೇಬಲ್ ಆಗಿದ್ದರೆ ಮಾತ್ರ ನೇರ ಲಾಗ್ ಆಫ್.

ಇಂಟು ಒತ್ತಿ ಹೋಗುವುದೂ ಡಿಸ್ಕನೆಕ್ಟೇ. ವಿಂಡೋಸ್ ತಾನಾಗಿ ಇಂಥ ಸೆಷನ್‌ಗಳಿಗೆ ಯಾವ ಗಡುವನ್ನೂ ಹಾಕುವುದಿಲ್ಲ. ನಿನ್ನೆಯದು, ಮೊನ್ನೆಯದು ಎಲ್ಲ ಮೆಮೊರಿ ಹಿಡಿದು ಕೂತಿರುತ್ತವೆ. ಬೆಳಿಗ್ಗೆ ಸರ್ವರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಕ್ವೆರಿ ಯೂಸರ್’ ಕೊಟ್ಟು ನೋಡಿ, ‘ಡಿಸ್ಕ್’ ಎಂದು ಬರೆದಿರುವ ಹೆಸರುಗಳೇ ಸಾಲಾಗಿ ಕಾಣುತ್ತವೆ. ನಿಮ್ಮ ಔಷಧ ಬೀಳಬೇಕಾದದ್ದು ಅಲ್ಲಿಗೆ.

ಜಾಗ ಇದು: ಕಂಪ್ಯೂಟರ್ ಕಾನ್ಫಿಗರೇಶನ್, ಪಾಲಿಸೀಸ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್, ಸೆಷನ್ ಟೈಮ್ ಲಿಮಿಟ್ಸ್. ‘ಆ್ಯಕ್ಟಿವ್ ಬಟ್ ಐಡಲ್’ (ತೆರೆದಿದ್ದರೂ ಯಾರೂ ಮುಟ್ಟದ) ಸೆಷನ್‌ಗೆ 30 ನಿಮಿಷ, ‘ಡಿಸ್ಕನೆಕ್ಟೆಡ್’ ಸೆಷನ್‌ಗೆ 3 ಗಂಟೆ ಇಡಿ. ‘ಎಂಡ್ ಸೆಷನ್’ ಡಿಸೇಬಲ್ ಮಾಡಿ. 3 ಗಂಟೆ ಜಾಸ್ತಿಯಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂಡಿಯಲ್ಲಿ ಕರೆಂಟ್ ಹೋಗಿ ಬರಬೇಕು, ನೆಟ್ ಕಡಿದು ಕೂಡಬೇಕು, ನಡುವೆ ಊಟವೂ ಆಗಬೇಕು. ಆರಕ್ಕೆ ಇಂಟು ಒತ್ತಿದವರ ಸೆಷನ್ ಒಂಬತ್ತರ ಹೊತ್ತಿಗೆ ತಾನೇ ಮುಗಿಯುತ್ತದೆ, ಬೆಳಿಗ್ಗೆ ಸರ್ವರ್ ಹಗುರ.

ಐಡಲ್ ಮಿತಿ ಮುಟ್ಟಲು 2 ನಿಮಿಷ ಇರುವಾಗ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ, ಆಗ ಒಂದು ಕೀಲಿ ಒತ್ತಿದರೂ ಸಾಕು. ಇದನ್ನು ಶಾಖೆಗಳಿಗೆ ಮೊದಲೇ ತಿಳಿಸಿ.

ಇದೇ ಸೆಟ್ಟಿಂಗ್‌ಗಳು ಯೂಸರ್ ಕಾನ್ಫಿಗರೇಶನ್ ಕೆಳಗೂ ಇವೆ. ಎರಡೂ ಕಡೆ ಇಟ್ಟರೆ ಕಂಪ್ಯೂಟರ್ ಕಡೆಯದೇ ನಡೆಯುತ್ತದೆ. ಒಂದೇ ಕಡೆ ಇಡಿ, ಪಾಲಿಸಿಯನ್ನು ಆ ಸರ್ವರ್ ಇರುವ ಓಯುಗೆ (ಆರ್ಗನೈಸೇಷನಲ್ ಯೂನಿಟ್, ಕಂಪ್ಯೂಟರ್‌ಗಳನ್ನು ಗುಂಪು ಮಾಡಿಟ್ಟ ವಿಭಾಗ) ಮಾತ್ರ ಲಿಂಕ್ ಮಾಡಿ.

ಕೌಂಟರ್ ಬಿಟ್ಟು ಎದ್ದಾಗ ಗ್ರಾಹಕರ ಖಾತೆ ಯಾರ ಕಣ್ಣಿಗೂ ಬೀಳಬಾರದು ಎಂಬ ಚಿಂತೆಯಿಂದ 15 ನಿಮಿಷ ಹಾಕಿದ್ದರೆ, ಆ ಕೆಲಸ ಪರದೆ ಲಾಕ್‌ನದು. ಸೆಕ್ಯೂರಿಟಿ ಆಪ್ಷನ್ಸ್‌ನಲ್ಲಿ ‘ಮಷಿನ್ ಇನ್‌ಆ್ಯಕ್ಟಿವಿಟಿ ಲಿಮಿಟ್’ ಇದೆ. ಅಲ್ಲಿ ಲೆಕ್ಕ ಸೆಕೆಂಡಿನದು, ಶಾಖೆಯ ಕಂಪ್ಯೂಟರ್‌ಗಳಿಗೆ 300 ಇಟ್ಟರೆ 5 ನಿಮಿಷಕ್ಕೇ ಬೀಗ.

ಇನ್ನು ಬಡ್ಡಿ ಲೆಕ್ಕ. ಸರ್ವರ್‌ಗೆ ಐಡಲ್ ಎಂದರೆ ಮೌಸ್, ಕೀಲಿಮಣೆ ಅಲುಗಾಡದಿರುವುದು. ಒಳಗೆ ಪ್ರೋಗ್ರಾಂ ಎಷ್ಟು ದುಡಿಯುತ್ತಿದೆ ಎಂದು ಅದು ನೋಡುವುದಿಲ್ಲ. 3 ಗಂಟೆ ಇಟ್ಟರೂ ರಾತ್ರಿಯಿಡೀ ಓಡುವ ಲೆಕ್ಕ ಸಿಕ್ಕಿಬೀಳುತ್ತದೆ. ಅದನ್ನು ಯಾರದೋ ಸೆಷನ್‌ನಲ್ಲಿ ಓಡಿಸುವುದನ್ನು ಬಿಡಿ. ತಂತ್ರಾಂಶ ಕೊಟ್ಟವರನ್ನು ಕೇಳಿ ಟಾಸ್ಕ್ ಶೆಡ್ಯೂಲರ್‌ಗೆ (ಗೊತ್ತುಪಡಿಸಿದ ಹೊತ್ತಿಗೆ ಕೆಲಸವನ್ನು ತಾನೇ ಓಡಿಸುವ ವಿಂಡೋಸ್ ಸೌಲಭ್ಯ) ಹಾಕಿಸಿ, ‘ರನ್ ವೆದರ್ ಯೂಸರ್ ಈಸ್ ಲಾಗ್ಡ್ ಆನ್ ಆರ್ ನಾಟ್’ ಆರಿಸಿ. ಆಗ ಯಾರು ಲಾಗ್ ಆಫ್ ಆದರೂ ಅದಕ್ಕೆ ಧಕ್ಕೆಯಿಲ್ಲ.

ಬದಲಾವಣೆ ಆದ ಮೇಲೆ ಸರ್ವರ್‌ನಲ್ಲಿ ‘ಜಿಪಿಅಪ್‌ಡೇಟ್’ (ಹೊಸ ಪಾಲಿಸಿಯನ್ನು ಕೂಡಲೇ ಜಾರಿಗೆ ತರುವ ಕಮಾಂಡ್) ಕೊಟ್ಟು, ಎಲ್ಲರಿಗೂ ಒಮ್ಮೆ ಲಾಗ್ ಆಫ್ ಆಗಿ ಬರಲು ಹೇಳಿ. ಆಮೇಲೆ ಸಿಂದಗಿಯವರೊಬ್ಬರಿಗೆ ಫೋನ್ ಹಚ್ಚಿ, ಪರೀಕ್ಷೆಗೆಂದು ಒಂದು ಅರ್ಜಿ ಅರ್ಧ ತುಂಬಿಸಿ ಕೈ ಬಿಡಿಸಿ. 28ನೇ ನಿಮಿಷಕ್ಕೆ ಎಚ್ಚರಿಕೆ ಕಂಡು, 30ಕ್ಕೆ ಪರದೆ ಹೋಗಿ, ಮರು ಲಾಗಿನ್ ಆದಾಗ ಅರ್ಧ ಅರ್ಜಿ ಹಾಗೇ ಸಿಕ್ಕರೆ ಉಳಿದ ಶಾಖೆಗಳಿಗೂ ಹೇಳಿಬಿಡಿ.