ಹೃದಯ ಕವಾಟ ಬದಲಾಯಿಸಿದ ಮೇಲೆ ಅಮ್ಮ ಮಂಕಾಗಿದ್ದಾರೆ. ಇದೇ ಶಸ್ತ್ರಚಿಕಿತ್ಸೆಯಾದವರ ಜೊತೆ ಮಾತನಾಡಿಸಬಹುದೇ?

ಖಂಡಿತ ಮಾತನಾಡಿಸಿ. ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಅಳು, ಸಿಡುಕು, ನಿದ್ದೆಗೇಡು ಸಾಮಾನ್ಯ. ಮನೆಯವರು ಎಷ್ಟೇ ಧೈರ್ಯ ಹೇಳಲಿ, ‘ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿಕೊಳ್ಳಿ, ನನಗೂ ಹೀಗೆಯೇ ನೋಯುತ್ತಿತ್ತು’ ಎಂದು ಅನುಭವಿಸಿದವರು ಹೇಳುವ ಮಾತಿನ ತೂಕವೇ ಬೇರೆ. ರಾತ್ರಿ ಲೋಹದ ಕವಾಟದ ಟಿಕ್ ಟಿಕ್ ಸದ್ದಿಗೆ ಬೆಚ್ಚುವವರಿಗಂತೂ ಅದು ದೊಡ್ಡ ಆಸರೆ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಮರುತಪಾಸಣೆಗೆ ಹೋಗುವವರಿದ್ದಾರೆ. ಸರದಿಗೆ ಕಾಯುವಾಗ ನೀವೇ ಮಾತಿಗೆಳೆಯಿರಿ.

ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಇನ್ನೊಬ್ಬರ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಪ್ರಮಾಣ ಅಮ್ಮನಿಗೆ ಹೊಂದುವುದಿಲ್ಲ. ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು. ಸೊಪ್ಪು ಈ ಮಾತ್ರೆಯ ಕೆಲಸ ಕುಗ್ಗಿಸುತ್ತದೆಂದು ಹೆದರಿ ಅದನ್ನೇ ಬಿಡಿ ಎನ್ನುವವರಿದ್ದಾರೆ. ಮಸ್ಸೊಪ್ಪು, ಬಸ್ಸಾರು ಬಿಟ್ಟರೆ ನಮ್ಮ ಕಡೆಯವರು ಮುದ್ದೆ ಉಣ್ಣುವುದಾದರೂ ಹೇಗೆ? ಬಿಡಬೇಕಿಲ್ಲ, ಪ್ರತಿ ವಾರ ತಿನ್ನುವ ಸೊಪ್ಪಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಸಮನಾಗಿದ್ದರೆ ಸಾಕು.

ಮಂಕು ಎರಡು ವಾರ ದಾಟಿದರೆ ವೈದ್ಯರಿಗೆ ತಿಳಿಸಿ. ಜ್ವರ, ಗಾಯದಲ್ಲಿ ಕೀವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.