ಮಗನನ್ನು ಕರೆದುಕೊಂಡು ಅವರ ಮನೆಗೆ ಹೋಗಬೇಡಿ

16 ವರ್ಷದ ಮಗ, ಕಾಲೇಜಿನ ಜಗಳ, ಇನ್ನೊಬ್ಬ ಹುಡುಗನ ಕೈ ಮುರಿದಿದೆ, 18 ತುಂಬದವರ ಕೇಸು ನೋಡುವ ಬಾಲನ್ಯಾಯ ಮಂಡಳಿಯಲ್ಲಿ ವಿಚಾರಣೆ ಶುರುವಾಗಿದೆ. 'ಈ ಭಾನುವಾರ ನಾಲ್ಕು ಜನ ಹಿರಿಯರ ಜೊತೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿಸಿ ಮುಗಿಸಿಬಿಡಲೇ, ಇಲ್ಲ ಮಂಡಳಿಗೇ ಬಿಡಲೇ' ಅಂತ ಕೇಳಿದ್ದೀರಿ. ಹೋಗಬೇಡಿ ಸರ್. ನಾನು ಹೋಗಿದ್ದೆ.

ನಮ್ಮದು ಅಕ್ಕನ ಮಗನ ಕೇಸು. ಭಾವ ತೀರಿಕೊಂಡ ಮೇಲೆ ಆ ಮನೆಯ ವ್ಯವಹಾರವೆಲ್ಲ ನನ್ನ ತಲೆಗೇ ಬಂದಿತ್ತು. ಹುಡುಗ ಎರಡನೇ ಪಿಯುಸಿ. ಕ್ಲಾಸಿನಲ್ಲಿ ಯಾರದೋ ಮೊಬೈಲ್ ಕಳೆಯಿತು, ನಮ್ಮವನು ಇನ್ನೊಬ್ಬ ಹುಡುಗನ ಹೆಸರು ಹಿಡಿದು 'ಇವನೇ ಕದ್ದಿದ್ದು' ಅಂತ ಗುಲ್ಲೆಬ್ಬಿಸಿದ. ಆ ಹುಡುಗ ಕೇಳಲು ಬಂದ. ಮಾತಿಗೆ ಮಾತು ಬೆಳೆದು, ಇವನೂ ಇವನ ಮೂವರು ಗೆಳೆಯರೂ ಸೇರಿ ಅವನನ್ನು ಮೆಟ್ಟಿಲ ಮೇಲಿಂದ ತಳ್ಳಿಬಿಟ್ಟರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು, ಮುಂದಿನ ಹಲ್ಲೊಂದು ಹೋಯಿತು. ಕಾನೂನಿನ ಲೆಕ್ಕದಲ್ಲಿ ಹಲ್ಲು ಮುರಿದರೂ ಅದು ತೀವ್ರ ಗಾಯವೇ ಅಂತ ನನಗೆ ಗೊತ್ತಾದದ್ದು ಆಮೇಲೆ.

ಪೊಲೀಸರು ಎಫ್‌ಐಆರ್ ಹಾಕಲಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡರು. ಯೂನಿಫಾರ್ಮ್ ಇಲ್ಲದ ಅಧಿಕಾರಿಯೊಬ್ಬರು ಮನೆಗೆ ಬಂದು ಹುಡುಗನ ಹಿನ್ನೆಲೆ ವಿಚಾರಿಸಿ, ವರದಿ ಬರೆದುಕೊಂಡು ಹೋದರು. ನಾನು ಮಹಾ ಬುದ್ಧಿವಂತ ನೋಡಿ, 'ಎಫ್‌ಐಆರೇ ಆಗಿಲ್ಲ, ಅಂದರೆ ಇದು ಹಗುರವಾದ ಕೇಸು, ಈಗಲೇ ಒಂದು ಮಾತು ಆಡಿಬಿಟ್ಟರೆ ಮುಗಿಯುತ್ತೆ' ಅಂದುಕೊಂಡೆ. ನಿಜ ಏನೆಂದರೆ, ಮಕ್ಕಳ ವಿಷಯದಲ್ಲಿ ನಿಯಮವೇ ಹಾಗೆ. ಘೋರ ಅಪರಾಧ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿರುವಂಥದ್ದು) ಆಗಿದ್ದರೆ, ಇಲ್ಲವೇ ಜೊತೆಯಲ್ಲಿ ದೊಡ್ಡವರೂ ಸೇರಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದು ದಿನಚರಿಯಿಂದ ನೇರ ಮಂಡಳಿಗೆ ಹೋಗುತ್ತದೆ.

ನನ್ನ ಆತುರಕ್ಕೆ ಇನ್ನೊಂದು ಕಾರಣ ಹುಡುಗನ ಭವಿಷ್ಯ. ಸಿಇಟಿ ಸೀಟು, ಪಾಸ್‌ಪೋರ್ಟ್, ನಾಳೆ ಸರ್ಕಾರಿ ಕೆಲಸ, ಎಲ್ಲ ಹೋಯಿತು ಅಂತ ಅಕ್ಕ ರಾತ್ರಿಯೆಲ್ಲ ಅಳುತ್ತಿದ್ದಳು. ನೀವೂ 'ರೆಕಾರ್ಡ್ ಆಗಿಬಿಡುತ್ತೆ' ಅಂತ ಬರೆದಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯ ಕಲಂ 24 ಓದಿ. ಮಂಡಳಿ ತಪ್ಪಿತಸ್ಥ ಅಂದರೂ ಅದರಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರಬಾರದು, ಮೇಲ್ಮನವಿಯ ಅವಧಿಯೆಲ್ಲ ಮುಗಿದ ಮೇಲೆ ದಾಖಲೆ ನಾಶವಾಗಬೇಕು ಅಂತ ಅದು ಹೇಳುತ್ತದೆ. 16 ದಾಟಿದವರ ಮೇಲಿನ ಘೋರ ಅಪರಾಧದ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋದರೆ ಮಾತು ಬೇರೆ. ನೀವು ಹೇಳಿದ ಪ್ರಕಾರ ನಿಮ್ಮದು ಆ ಸಾಲಿನದಲ್ಲ. ಈ ಒಂದು ಕಲಮನ್ನು ಆಗ ಯಾರಾದರೂ ನನಗೆ ಓದಿ ಹೇಳಿದ್ದರೆ ನಾನು ಆ ಭಾನುವಾರ ಮನೆಯಲ್ಲೇ ಇರುತ್ತಿದ್ದೆ.

ಹೋದೆವು. ಎರಡು ಕಾರು, ಏಳು ಜನ. ನಾನು, ಹುಡುಗ, ರಿಟೈರ್ಡ್ ಮೇಷ್ಟ್ರೊಬ್ಬರು, ಪಂಚಾಯಿತಿಯಲ್ಲಿ ಮೆಂಬರ್ ಆಗಿದ್ದವರೊಬ್ಬರು, ಉಳಿದವರು ನಮ್ಮ ಕಡೆಯವರೇ. ಅವರದು ಬಾಡಿಗೆ ಮನೆ, ಹಾಲಿನಲ್ಲಿ ಅಷ್ಟು ಜನಕ್ಕೆ ಕುರ್ಚಿಯೂ ಇರಲಿಲ್ಲ. ಆ ಹುಡುಗನ ಅಪ್ಪ ನಿಂತೇ ಇದ್ದರು, ನಾವು ಕೂತೆವು. 'ಕಾಲಿಗೆ ಬೀಳೋ' ಅಂತ ನಾನೇ ನಮ್ಮವನ ಹೆಗಲು ಒತ್ತಿದೆ. ಅವನು ಬಿದ್ದ, ಎದ್ದ. ಮೇಷ್ಟ್ರು 'ಮಕ್ಕಳು, ತಿಳಿಯದೆ ಮಾಡಿವೆ, ದೊಡ್ಡ ಮನಸ್ಸು ಮಾಡಿ' ಅಂದರು. ನಾನು ಆಸ್ಪತ್ರೆ ಖರ್ಚಿಗೆ ಅಂತ ಒಂದು ಕವರ್ ಟೀಪಾಯಿಯ ಮೇಲಿಟ್ಟೆ. ಅವರು 'ಆಯ್ತು ಸರ್, ನೋಡೋಣ' ಅಂದರು. ಕಾರಿಗೆ ಬಂದು ಕೂತ ಮೇಲೆ ಎಲ್ಲರೂ 'ಒಪ್ಪಿದ ಹಾಗೇ ಲೆಕ್ಕ' ಅಂತ ತೀರ್ಮಾನ ಮಾಡಿದೆವು. ಪೆಟ್ಟು ತಿಂದ ಹುಡುಗ ಒಳಗಿನ ಕೋಣೆಯಲ್ಲೇ ಇದ್ದನಂತೆ, ಹೊರಗೆ ಬರಲಿಲ್ಲ. ಬರಲಿಲ್ಲವಲ್ಲ ಅಂತ ನಮಗ್ಯಾರಿಗೂ ಅನ್ನಿಸಲೂ ಇಲ್ಲ.

ಮುಂದಿನ ತಾರೀಖಿಗೆ ಆ ಅಪ್ಪ ಮಂಡಳಿಯ ಮುಂದೆ ಕವರ್ ಇಟ್ಟು, 'ಇವರು ಏಳು ಜನ ಮನೆಗೆ ನುಗ್ಗಿದರು, ಕೇಸು ವಾಪಸ್ ತಗೊಳ್ಳಿ ಅಂತ ದುಡ್ಡಿಟ್ಟು ಹೋದರು' ಅಂದರು. ನುಗ್ಗಿರಲಿಲ್ಲ. ಆದರೆ ಅವರು ಹೇಳಿದ್ದರಲ್ಲಿ ಆ ಒಂದು ಪದ ಬಿಟ್ಟು ಬೇರೆ ಯಾವುದನ್ನು ಸುಳ್ಳು ಅನ್ನಲಿ? ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರು ಇರುತ್ತಾರೆ. ಸದಸ್ಯರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಆ ಮೇಡಂ ನನ್ನ ಮುಖ ನೋಡಿ 'ಕ್ಷಮೆ ಯಾರಿಗೆ ಕೇಳಿದಿರಿ?' ಅಂದರು. ಅಪ್ಪನಿಗೆ ಅಂದೆ. 'ಪೆಟ್ಟು ಬಿದ್ದದ್ದು ಅಪ್ಪನಿಗಾ?' ನನ್ನ ಹತ್ತಿರ ಉತ್ತರವಿರಲಿಲ್ಲ. ಜಾಮೀನಿಗೆ ಹೊಸ ಷರತ್ತು ಬಿತ್ತು, ನಮ್ಮ ಕಡೆಯವರು ಯಾರೂ ಆ ಮನೆಯ ಹತ್ತಿರ ಸುಳಿಯಕೂಡದು ಅಂತ. ಆ ಹುಡುಗ ಕಾಲೇಜಿಗೆ ಬರುವುದನ್ನೇ ಬಿಟ್ಟ. ಎದುರುಬದುರು ಕೂತು ಮಾತಾಡುವ ದಾರಿ, ಎಷ್ಟೋ ಬೇಗ ತೆರೆಯಬಹುದಾಗಿದ್ದದ್ದು, ತಿಂಗಳುಗಟ್ಟಲೆ ಮುಚ್ಚಿಹೋಯಿತು.

ಇದನ್ನು ಹೇಳಿದಾಗಲೆಲ್ಲ ಜನ 'ದುಡ್ಡು ಇಟ್ಟದ್ದು ತಪ್ಪಾಯ್ತು' ಅನ್ನುತ್ತಾರೆ. ಇನ್ನು ಕೆಲವರು 'ಮೆಂಬರನ್ನು ಕರೆದುಕೊಂಡು ಹೋಗಬಾರದಿತ್ತು, ನೀವಿಬ್ಬರೇ ಹೋಗಬೇಕಿತ್ತು' ಅನ್ನುತ್ತಾರೆ. ಅವೂ ತಪ್ಪೇ, ಆದರೆ ಅಸಲಿ ತಪ್ಪಿನ ಬಾಲಗಳು. ಅಸಲಿ ತಪ್ಪು ಎಂದರೆ ದಿನ ಗೊತ್ತು ಮಾಡಿದ್ದು ನಾನು. ಜಾಗ ಆರಿಸಿದ್ದು ನಾನು. ಯಾರು ಬರಬೇಕು, ಯಾರು ಮೊದಲು ಮಾತಾಡಬೇಕು, ಯಾವಾಗ ಎದ್ದು ಹೊರಡಬೇಕು, ಎಲ್ಲ ನಾನೇ. ಪೆಟ್ಟು ತಿಂದವನಿಗೆ ಬಿಟ್ಟಿದ್ದು ಒಂದೇ ಕೆಲಸ, ಒಪ್ಪಿಕೊಳ್ಳುವುದು. ನಮಗೆ ಮುಗಿಸುವ ಆತುರ. ಅವನಿಗೆ ಇನ್ನೂ ಪ್ಲಾಸ್ಟರ್ ಬಿಚ್ಚಿರಲಿಲ್ಲ, ಬಲಗೈಯಲ್ಲಿ ಬರೆಯಲಾಗದೆ ಕಿರುಪರೀಕ್ಷೆ ತಪ್ಪಿತ್ತು, ಹಲ್ಲು ಹೋದ ಬಾಯಿ ತೆರೆದು ಮಾತಾಡಲು ನಾಚಿಕೆ. ಇಬ್ಬರೇ ಹೋಗಿದ್ದರೂ, ಬರಿಗೈಯಲ್ಲಿ ಹೋಗಿದ್ದರೂ, ನಾವು ಹೇಳಿದ ದಿನ ಅವರು ಕ್ಷಮಿಸಬೇಕು ಅನ್ನುವ ಒತ್ತಾಯ ಅಲ್ಲಿ ಇದ್ದೇ ಇರುತ್ತಿತ್ತು. ಇನ್ನೊಂದು ಮಾತು, ನಾವು ಆ ಊರಲ್ಲಿ ಬೇರು ಬಿಟ್ಟವರು, ಅವರು ಕೆಲಸಕ್ಕೆ ಅಂತ ಬಂದು ನೆಲೆಸಿದವರು. ನಾವು ಎಷ್ಟೇ ಕೈಮುಗಿದರೂ ಅವರ ಕಿವಿಗೆ ಅದು ಬೆದರಿಕೆಯಾಗಿಯೇ ಕೇಳುತ್ತದೆ. ನಾನು ಊರಿನ ಹತ್ತಾರು ಜಗಳ ರಾಜಿ ಮಾಡಿಸಿದವನು ಅನ್ನುವ ಜಂಬ ನನಗಿತ್ತು. ಆ ರಾಜಿಗಳಲ್ಲಿ ಎಷ್ಟರಲ್ಲಿ ಬಡವನ ಕಡೆಯವರು 'ಆಯ್ತು ಸರ್, ನೋಡೋಣ' ಅಂದಿದ್ದರೋ ಅಂತ ಈಗ ಯೋಚಿಸಿದರೆ ನಿದ್ದೆ ಬರುವುದಿಲ್ಲ.

ನಮ್ಮ ಹುಡುಗನಿಗೂ ಅದರಿಂದ ಕೆಟ್ಟದ್ದೇ ಆಯಿತು. ಮಾವ ಹೆಗಲು ಒತ್ತಿದಾಗ ಬಗ್ಗುವುದೇ ಕ್ಷಮೆ ಅಂತ ಕಲಿತ. 'ಕಾಲಿಗೆ ಬಿದ್ದಾಯ್ತಲ್ಲ, ಇನ್ನೇನು ಬೇಕಂತೆ ಅವನಿಗೆ' ಅಂತ ಅಕ್ಕನ ಮುಂದೆ ರೇಗಾಡುತ್ತಿದ್ದ.

ಇದನ್ನು ಸರಿದಾರಿಗೆ ತಂದವರು ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಅಧಿಕಾರಿ. ಮಂಡಳಿ ಅವರಿಂದ ಸಾಮಾಜಿಕ ತನಿಖಾ ವರದಿ ತರಿಸಿಕೊಳ್ಳುತ್ತದೆ. ನಮ್ಮಲ್ಲಿ ಅನೇಕರು ಅವರನ್ನು 'ವರದಿ ಬರೆಯೋರು' ಅಂತ ಒಂದಷ್ಟು ಒಳ್ಳೆ ಮಾತು ಹೇಳಿ ಕಳಿಸಿಬಿಡುತ್ತಾರೆ, ನಾನೂ ಹಾಗೇ ಮಾಡಿದ್ದೆ. ಈಯಮ್ಮ ಬಿಡಲಿಲ್ಲ. ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಮತ್ತೆ ಮತ್ತೆ ಮಾತಾಡಿಸಿದರು. ಯಾಕೆ ಹೊಡೆದೆ ಅಂತ ಕೇಳಲಿಲ್ಲವಂತೆ. 'ಅವನು ಈಗ ಹೇಗೆ ಬರೀತಾನೆ ಗೊತ್ತಾ? ಶರ್ಟಿನ ಗುಂಡಿ ಯಾರು ಹಾಕ್ತಾರೆ ಗೊತ್ತಾ?' ಅಂತ ಕೇಳಿದರಂತೆ. ಇನ್ನೊಂದು ಕಡೆ ಮಂಡಳಿಯ ಆ ಸದಸ್ಯೆ ಅವರ ಮನೆಯವರ ಜೊತೆ ಮಾತಾಡುತ್ತಿದ್ದರು. ಭೇಟಿಯಾಗಲೇಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ಬೇಡ ಅಂದರೂ ಕೇಸಿನಲ್ಲಿ ಅವರಿಗೆ ಏನೂ ನಷ್ಟವಿಲ್ಲ ಅಂತ ಮೊದಲೇ ತಿಳಿಸಿದ್ದರು.

ಕೊನೆಗೆ ಆ ಹುಡುಗನೇ ಒಪ್ಪಿದ. ಅವನ ಷರತ್ತುಗಳು ಹೀಗಿದ್ದವು: ಯಾರ ಮನೆಯಲ್ಲೂ ಬೇಡ, ಅವನ ಅಮ್ಮ ಪಕ್ಕದಲ್ಲಿರಬೇಕು, ಮತ್ತು 'ಆ ದೊಡ್ಡ ದನಿಯ ಮಾವ ಬರಬಾರದು.' ಹಾಗಾಗಿ ಆವತ್ತು ಒಳಗೆ ನಡೆದದ್ದು ನನಗೆ ಅಕ್ಕ ಹೇಳಿ ಗೊತ್ತು. ಮೊದಲು ಅವನಿಗೇ ಮಾತು ಕೊಟ್ಟರಂತೆ. 'ಹೊಡೆಯೋಕೆ ನಾಲ್ಕು ಜನ ಬಂದಿದ್ರಿ. ಕ್ಷಮೆ ಕೇಳೋಕೆ ಏಳು ಜನ ಬಂದ್ರಿ. ನಂಗೆ ಎರಡನೇ ದಿನವೇ ಜಾಸ್ತಿ ಭಯ ಆಗಿದ್ದು' ಅಂದನಂತೆ.

ಆಮೇಲೆ ಅವನು ಕೇಳಿದ್ದು ದುಡ್ಡಲ್ಲ, ಹಲ್ಲಿನ ಮಾತೂ ಅಲ್ಲ. ಆ ಮೊಬೈಲ್. ಕೈ ಮುರಿದ ಗಲಾಟೆಯಲ್ಲಿ ನಾವೆಲ್ಲ ಅದನ್ನು ಮರೆತೇಬಿಟ್ಟಿದ್ದೆವು. ಕ್ಲಾಸಿನಲ್ಲಿ ಅವನು ಇನ್ನೂ 'ಕಳ್ಳ'ನೇ ಆಗಿದ್ದ. ಕಾಲೇಜು ಬಿಟ್ಟದ್ದೂ ಅದಕ್ಕೇ. ನಾನು ಕೈಗೆ ಬೆಲೆ ಕಟ್ಟುತ್ತಾ ಕೂತಿದ್ದೆ, ಅವನಿಗೆ ಬೇಕಿದ್ದದ್ದು ಅವನ ಹೆಸರು. ನಮ್ಮವನು ಅವತ್ತೇ ಮೊದಲ ಸಲ ಅತ್ತನಂತೆ, ಯಾರೂ ಹೆಗಲು ಒತ್ತದೆ. ಗುಲ್ಲು ಹರಡಿದ್ದ ಅದೇ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ 'ಮೊಬೈಲ್ ಕದ್ದದ್ದು ಅವನಲ್ಲ, ಕದ್ದವರು ಯಾರು ಅಂತ ಗೊತ್ತಿಲ್ಲದೆಯೇ ಸುಳ್ಳು ಹೇಳಿದ್ದೆ' ಅಂತ ಬರೆದ. ಕೇಸಿನ ವಿಷಯ ಒಂದಕ್ಷರವೂ ಬರಬಾರದು ಅಂತ ಅಧಿಕಾರಿ ಮೊದಲೇ ಎಚ್ಚರಿಸಿದ್ದರು. ಮಕ್ಕಳ ಗುರುತು ಬಹಿರಂಗ ಮಾಡುವುದು ಕಲಂ 74ರಡಿ ಅಪರಾಧ, ಅದು ಪೆಟ್ಟು ತಿಂದ ಮಗುವಿಗೂ ಅನ್ವಯಿಸುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಕಾಲೇಜಿನ ಹೆಸರು ಹಾಕಿದ್ದೀರಿ, ದಯವಿಟ್ಟು ಈಗಲೇ ತೆಗೆಯಿರಿ.

ಮಂಡಳಿ ಆಮೇಲೆ ಕಲಂ 18ರಡಿ ಆದೇಶ ಕೊಟ್ಟಿತು: ಗುಂಪು ಆಪ್ತಸಮಾಲೋಚನೆ, ಸಂಸ್ಥೆಯೊಂದರ ಉಸ್ತುವಾರಿಯಲ್ಲಿ ಸಮುದಾಯ ಸೇವೆ. ಅಂದರೆ ಭೇಟಿ ಆಯಿತು ಅಂತ ಕೇಸು ಮಾಯವಾಗಲಿಲ್ಲ. ಹುಡುಗರಿಬ್ಬರೂ ಗೆಳೆಯರೂ ಆಗಲಿಲ್ಲ. ಅವನು ಕಾಲೇಜಿಗೆ ವಾಪಸ್ ಬಂದ, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ. ನೀವು ಕೊಟ್ಟಿರುವ ಎರಡು ದಾರಿಯನ್ನೂ ನಾನು ಒಪ್ಪುವುದಿಲ್ಲ. 'ಮನೆಗೆ ಹೋಗಿ ಮುಗಿಸುವುದು' ರಾಜಿ ಪಂಚಾಯಿತಿ, ರೆಸ್ಟೋರೇಟಿವ್ ಜಸ್ಟೀಸ್ (ನೊಂದವರಿಗೆ ಆದ ಹಾನಿಯನ್ನು ಸರಿಪಡಿಸುವ ನ್ಯಾಯ) ಅಲ್ಲ. 'ಮಂಡಳಿಗೆ ಬಿಡುವುದು' ಅಂದರೆ ಕೈಕಟ್ಟಿ ಕೂರುವುದು ಅಂತಲೂ ಅಲ್ಲ. ಕೆನಡಾದಲ್ಲಿ ಮನೆಮನೆಗೆ ಹೋಗಿ ಕ್ಷಮೆ ಕೇಳಿಯೇ ಇದೆಲ್ಲ ಶುರುವಾಯಿತಂತಲ್ಲ ಅಂತ ಬರೆದಿದ್ದೀರಿ. ಹೌದು, 1974ರಲ್ಲಿ ಒಂಟಾರಿಯೊದ ಎಲ್ಮೈರಾದಲ್ಲಿ 22 ಕಡೆ ಹಾಳುಗೆಡವಿದ ಇಬ್ಬರು ಯುವಕರು ಹಾಗೆ ಹೋದರು. ಆದರೆ ಅವರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿದ್ದರು, ಕಳಿಸಿದ್ದು ನ್ಯಾಯಾಧೀಶರು, ಜೊತೆಗಿದ್ದದ್ದು ಪ್ರೊಬೇಷನ್ ಅಧಿಕಾರಿ. ಸೋದರಮಾವ ಅಲ್ಲ. ನ್ಯೂಜಿಲೆಂಡ್ 1989ರ ಕಾಯ್ದೆಯಲ್ಲಿ ಇದನ್ನೇ ಪದ್ಧತಿ ಮಾಡಿತು. ಅಲ್ಲಿ ಕುಟುಂಬದವರ ಸಭೆ ಕರೆಯಲು ಸರ್ಕಾರದ ಸಂಯೋಜಕರಿರುತ್ತಾರೆ, ನೊಂದವರು ತಾವೇ ಬರಬಹುದು ಅಥವಾ ಬದಲಿಗೆ ಯಾರನ್ನಾದರೂ ಕಳಿಸಬಹುದು, ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವ ಹಾಗಿಲ್ಲ. ನಮ್ಮ ಕಾಯ್ದೆ ನ್ಯಾಯಾಂಗದ ಹೊರಗಿನ ಕ್ರಮಗಳಿಗೆ ಒತ್ತು ಕೊಡಬೇಕು ಅನ್ನುತ್ತದೆ ನಿಜ, ಆದರೆ ಎದುರುಬದುರು ಕೂರಿಸುವ ಸಭೆಗೆಂದೇ ಒಂದು ಕಲಂ ಅದರಲ್ಲಿಲ್ಲ, ಅಂಥ ರಕ್ಷಣೆಯೂ ಇಲ್ಲ. ನಿಮ್ಮ ಮಗ ಅವರ ಹಾಲಿನಲ್ಲಿ ನಿಂತು ಆಡಿದ ಮಾತು ನಾಳೆ ಅವನ ಮೇಲೇ ಬರಬಹುದು. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಉಚಿತವಾಗಿ ಸಿಗುತ್ತಾರೆ.

ಮಾಡಬೇಕಾದ್ದು ಇಷ್ಟು. ಮುಂದಿನ ತಾರೀಖಿಗೆ ವಕೀಲರ ಮೂಲಕ ಮಂಡಳಿಗೆ ಹೇಳಿ: ಅವರು ಬಯಸಿದರೆ, ಬಯಸಿದಾಗ, ನಮ್ಮ ಮಗ ಭೇಟಿಗೆ ಸಿದ್ಧ, ಪರಿವೀಕ್ಷಣಾಧಿಕಾರಿ ಅವನನ್ನು ಸಿದ್ಧಪಡಿಸಲಿ. ಆಮೇಲೆ ಸುಮ್ಮನಿರಿ. ವಿಚಾರಣೆಗೆ ನಾಲ್ಕು ತಿಂಗಳು, ಬೇಕಾದರೆ ಇನ್ನೆರಡು ತಿಂಗಳು ಅಂತ ಕಾಯ್ದೆಯೇ ಸಮಯ ಇಟ್ಟಿದೆ. ಆ ಸಮಯದಲ್ಲಿ ಮಗನ ಜೊತೆ ಜಗಳದ ಮೂಲದ ಬಗ್ಗೆ ಮಾತಾಡಿ, ಗಾಯದ ಬಗ್ಗೆ ಮಾತ್ರ ಅಲ್ಲ. ನಿಮ್ಮ ಪ್ರಶ್ನೆಯಲ್ಲಿ ಆ ಜಗಳ ಯಾಕಾಯಿತು ಅನ್ನುವುದೇ ಇಲ್ಲ. (ಇದನ್ನು ಓದುವ ಬೇರೆಯವರಿಗೆ: ಲೈಂಗಿಕ ದೌರ್ಜನ್ಯದ ಕೇಸಾಗಿದ್ದರೆ ಈ ಉತ್ತರದಲ್ಲಿ ಒಂದು ಸಾಲನ್ನೂ ಅನುಸರಿಸಬೇಡಿ.)

ಆಸ್ಪತ್ರೆ ಖರ್ಚು ಕೊಡುವ ಮನಸ್ಸಿದ್ದರೆ ಕೊಡಿ, ಕೊಡಲೇಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಮಂಡಳಿಯ ಗಮನಕ್ಕೆ ತಂದು, ವಕೀಲರ ಮೂಲಕ, ರಸೀದಿ ಸಮೇತ ಕೊಡಿ. 'ಇದಕ್ಕೂ ಕೇಸಿಗೂ ಸಂಬಂಧವಿಲ್ಲ, ನೀವು ಭೇಟಿಗೆ ಒಪ್ಪದಿದ್ದರೂ ಇದು ನಿಮ್ಮದೇ' ಅಂತ ಅವರಿಗೆ ಬರೆದುಕೊಡಿ. ಅವರು ಭೇಟಿಯೇ ಬೇಡ ಅನ್ನಬಹುದು. ಆಗ ಮಂಡಳಿ ಹೇಳಿದ್ದನ್ನು ನಿಮ್ಮ ಮಗ ಮಾಡಲಿ, ನೀವು ಮತ್ತೆ ಕೇಳಿಸಲು ಯಾರನ್ನೂ ಕಳಿಸಬೇಡಿ, ನನ್ನಂಥ ಮಾವಂದಿರು ಮನೆಯಲ್ಲಿದ್ದರೆ ಅವರಿಗೂ ಹೇಳಿಡಿ.