ಕಾಫಿ ಮೂಟೆಗೆ ಲಂಡನ್ನಿನ ದರ ಅಂಟಿಕೊಂಡದ್ದು ಯಾವಾಗ?

ಮೂಡಿಗೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಜಾಗತೀಕರಣ 1991ರಲ್ಲಿ ಬಂತು ಎಂದು ಮಗನ ಪಾಠದಲ್ಲಿದೆ. ನಮ್ಮ ತಾತನ ಕಾಲಕ್ಕೇ ತೋಟದ ಕಾಫಿ ಹಡಗು ಹತ್ತುತ್ತಿತ್ತು. ಹಾಗಾದರೆ 1991ರಲ್ಲಿ ಹೊಸದಾಗಿ ಬಂದದ್ದೇನು? ಲಂಡನ್ನಿನಲ್ಲಿ ದರ ಬಿದ್ದ ದಿನವೇ ನಮ್ಮೂರಿನ ವರ್ತಕರೂ ದರ ಇಳಿಸುತ್ತಾರೆ. ನಮ್ಮ ಕಣದಲ್ಲಿ ಒಣಗುತ್ತಿರುವ ಹಣ್ಣಿಗೂ ಲಂಡನ್ನಿಗೂ ಏನು ಸಂಬಂಧ?"

ಪ್ರಿಯ ಓದುಗರೆ,

ನಿಮ್ಮ ಅನುಮಾನ ಸರಿಯಾಗಿದೆ. ಸರಕು ದೇಶ ದಾಟುವುದು ಹಳೆಯ ಸಂಗತಿ. ದೂರದ ದರ ಅದೇ ದಿನ ನಿಮ್ಮ ಕಣಕ್ಕೆ ಬಂದು ಮುಟ್ಟುವುದು ಹೊಸದು. ಕಾಫಿಯ ಮಟ್ಟಿಗೆ ಆ ತಿರುವಿನ ವರ್ಷ 1991 ಅಲ್ಲ, 1989. ಅದಕ್ಕೆ ಬರುವ ಮೊದಲು ಸ್ವಲ್ಪ ಹಿಂದಿನಿಂದ ನೋಡಬೇಕು.

ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ನಂಬಿಕೆ ನಿಮ್ಮ ಊರಿನವರಿಗೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಮುಂದಿನ ಪಯಣ. ಡಚ್ಚರು 1699ರಲ್ಲಿ ಮಲಬಾರ್ ಕರಾವಳಿಯಿಂದ ಸಸಿಗಳನ್ನು ಜಾವಾಕ್ಕೆ ಒಯ್ದರು. ಜಾವಾದಿಂದ ಗಿಡ ಆಮ್‌ಸ್ಟರ್‌ಡಾಮ್‌ನ ಸಸ್ಯತೋಟಕ್ಕೆ ಹೋಯಿತು, ಅಲ್ಲಿಂದ 1714ರಲ್ಲಿ ಫ್ರಾನ್ಸಿನ ದೊರೆಗೆ ಉಡುಗೊರೆಯಾಯಿತು, ಆಮೇಲೆ ಅದರ ಸಂತತಿ ಅಮೆರಿಕ ಖಂಡಗಳಿಗೆ ಹಬ್ಬಿತು. ಬೆರಳೆಣಿಕೆಯ ಗಿಡಗಳಿಂದ ಇಷ್ಟು ತೋಟಗಳು ಎದ್ದಿದ್ದರಿಂದ ಅವುಗಳಲ್ಲಿ ರೋಗ ತಡೆಯುವ ವೈವಿಧ್ಯವೇ ಇರಲಿಲ್ಲ. 1869ರಲ್ಲಿ ಸಿಲೋನಿನ ತೋಟಗಳಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಕಾಫಿ ನೆಲಕಚ್ಚಿ ಚಹಾ ಆ ಜಾಗ ಹಿಡಿಯಿತು. ಅದೇ ತುಕ್ಕು ನಮ್ಮಲ್ಲೂ ಹಬ್ಬಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸಂಶೋಧನಾ ಕೇಂದ್ರ ಆರಂಭವಾದದ್ದರ ಹಿಂದೆ ಈ ರೋಗದ ಕಾಟವಿದೆ. ಬ್ರೆಜಿಲ್‌ಗೆ ತುಕ್ಕು ಮುಟ್ಟಿದ್ದು 1970ರಲ್ಲಿ. ಗಿಡ ಹೋದಲ್ಲೆಲ್ಲ ರೋಗವೂ ಹೋಗುತ್ತದೆ, ತಡವಾಗಿಯಾದರೂ.

ಆ 1869ರಲ್ಲೇ, ನವೆಂಬರ್ 17ರಂದು, ಸೂಯೆಜ್ ಕಾಲುವೆ ತೆರೆಯಿತು. ಅದಕ್ಕೂ ಮುಂಚೆ ಹಾಯಿಹಡಗು ಆಫ್ರಿಕಾದ ತುದಿ ಸುತ್ತಿ ಯೂರೋಪು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲಿನ ತೇವ ಕುಡಿದು ಬೀಜ ಊದಿಕೊಂಡು ಹಳದಿಯಾಗುತ್ತಿತ್ತು, ಹುಳಿ ಇಳಿಯುತ್ತಿತ್ತು. ಕಾಲುವೆಯೂ ಉಗಿಹಡಗೂ ದಾರಿ ಮೊಟಕು ಮಾಡಿದ ಮೇಲೆ ಕಾಫಿ ಹಸಿರಾಗಿಯೇ ತಲುಪತೊಡಗಿತು. ಹಳೆಯ ರುಚಿಗೆ ಒಗ್ಗಿದ್ದ ಗಿರಾಕಿಗಳಿಗೆ ಇದು ಹಿಡಿಸಲಿಲ್ಲ. ಅವರಿಗಾಗಿ ಮಂಗಳೂರು ಕರಾವಳಿಯಲ್ಲಿ ಶುರುವಾದದ್ದೇ ಮಾನ್ಸೂನ್ಡ್ ಮಲಬಾರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬದಿ ತೆರೆದ ಗೋದಾಮಿನ ನೆಲದ ಮೇಲೆ ಬೀಜವನ್ನು ನಾಲ್ಕರಿಂದ ಆರು ಅಂಗುಲ ದಪ್ಪ ಹರಡಿ, ಮತ್ತೆ ಮತ್ತೆ ಕೈಯಾಡಿಸಿ, ಆಮೇಲೆ ಸಡಿಲವಾಗಿ ಮೂಟೆ ಕಟ್ಟಿ, ನಡುವೆ ಗಾಳಿ ಹಾಯುವಂತೆ ಸಾಲಾಗಿ ಜೋಡಿಸುತ್ತಾರೆ. ಹಡಗಿನ ವಿಳಂಬದಿಂದ ತಾನಾಗಿ ಬರುತ್ತಿದ್ದ ಗುಣವನ್ನು ಕೈಯಾರೆ ತರುವ ಈ ಕೆಲಸ ಇಂದಿಗೂ ನಡೆದಿದೆ.

ಬೀಜಕ್ಕಿಂತ ಸುದ್ದಿ ಬೇಗ ಓಡಲು ಶುರುವಾದದ್ದೂ ಆ ಹೊತ್ತಿಗೇ. 1870ರಲ್ಲಿ ಸಮುದ್ರದಡಿಯ ತಂತಿ ಮುಂಬಯಿಯನ್ನು ಬ್ರಿಟನ್ನಿಗೆ ಜೋಡಿಸಿತು. 1882ರಲ್ಲಿ ನ್ಯೂಯಾರ್ಕಿನ ಕಾಫಿ ವಿನಿಮಯ ಕೇಂದ್ರ ಹುಟ್ಟಿತು, ಮುಂದಿನ ತಿಂಗಳ ಕಾಫಿಗೆ ಇಂದೇ ದರ ಕೂಗುವ ಪದ್ಧತಿ ಬೇರೂರಿತು. ಇಂದು ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ಅಳತೆಗೋಲು.

ಸರಕು ಸಾಗಿಸುವ ಖರ್ಚು ಇಳಿದದ್ದು ಕಂಟೇನರಿನಿಂದ, ಅಂದರೆ ಸರಕು ತುಂಬಿ ಹಾಗೆಯೇ ಹಡಗಿಗೆ ಏರಿಸುವ ದೊಡ್ಡ ಲೋಹದ ಪೆಟ್ಟಿಗೆಯಿಂದ. 1956ರ ಏಪ್ರಿಲ್ 26ರಂದು ಅಮೆರಿಕದ ಸಾಗಣೆ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ ಐಡಿಯಲ್ ಎಕ್ಸ್ ಹಡಗು 58 ಪೆಟ್ಟಿಗೆ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಕೂಲಿಗಳು ಹೊತ್ತು ಏರಿಸುವಾಗ ಟನ್ನಿಗೆ 5.86 ಡಾಲರ್ ಆಗುತ್ತಿದ್ದ ಖರ್ಚು ಪೆಟ್ಟಿಗೆಯಲ್ಲಿ 16 ಸೆಂಟಿಗೂ ಕಡಿಮೆಯಾಯಿತು ಎಂಬುದು ಆ ಕಾಲದ ಲೆಕ್ಕ. 20 ಅಡಿಯ ಒಂದು ಪೆಟ್ಟಿಗೆಯಲ್ಲಿ 60 ಕಿಲೋದ 320 ಮೂಟೆ, ಅಂದರೆ ಸುಮಾರು 19 ಟನ್ ಕಾಫಿ ಹೋಗುತ್ತದೆ. ಇದಕ್ಕೆ ತನ್ನದೇ ಕಾಟವೂ ಇದೆ. ಕರಾವಳಿಯ ಸೆಕೆಯಲ್ಲಿ ತುಂಬಿದ ಪೆಟ್ಟಿಗೆ ಯೂರೋಪಿನ ಚಳಿಗೆ ಹೋದಾಗ ಬೀಜದಿಂದ ಎದ್ದ ಆವಿ ಚಾವಣಿಗೆ ತಾಗಿ ಹನಿಯಾಗಿ ಮೇಲಿನ ಮೂಟೆಗಳ ಮೇಲೆ ತೊಟ್ಟಿಕ್ಕುತ್ತದೆ, ಬೂಷ್ಟು ಹಿಡಿಯುತ್ತದೆ. ಒಳಗೋಡೆಗೆ ದಪ್ಪ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ನೇತುಹಾಕುವುದು ಇದಕ್ಕಾಗಿ. ಬೀಜದ ತೇವ ಶೇ 12.5 ಮೀರಿದ್ದರೆ ಯಾವ ಚೀಲವೂ ಕಾಪಾಡದು.

ಇಷ್ಟೆಲ್ಲ ಇದ್ದೂ ನಿಮ್ಮ ತಾತನವರಿಗೆ ಲಂಡನ್ನಿನ ದರ ನೇರವಾಗಿ ತಟ್ಟದಿರಲು ನಡುವೆ ಎರಡು ಅಡ್ಡಗೋಡೆಗಳಿದ್ದವು. ಒಂದು, 1942ರ ಕಾಫಿ ಕಾಯಿದೆ. ಬೆಳೆದ ಕಾಫಿ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಬೆಳೆ ಒಟ್ಟುಗೂಡಿಸುವ ದಾಸ್ತಾನಿಗೆ, ಹೋಗಬೇಕು, ಬೋರ್ಡು ಹರಾಜು ಹಾಕಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಹಣ ಕೈಸೇರುವುದು ತಡ, ಆದರೆ ದಿನದ ಏರಿಳಿತದ ಬಿಸಿ ಇಲ್ಲ. ಇನ್ನೊಂದು, 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ರಫ್ತು ಮಾಡಬೇಕೆಂಬ ಕೋಟಾ ಇಟ್ಟು ಅದು ದರವನ್ನು ಹಿಡಿದಿಡುತ್ತಿತ್ತು. ಕೋಟಾದ ಹೊರಗೆ, ರೂಪಾಯಿ ಲೆಕ್ಕದಲ್ಲಿ ಕೊಳ್ಳಲು ಸೋವಿಯತ್ ಒಕ್ಕೂಟವೂ ಇತ್ತು.

1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ಕೆಲವೇ ತಿಂಗಳಲ್ಲಿ ವಿಶ್ವದ ದರ ಹತ್ತಿರಹತ್ತಿರ ಅರ್ಧಕ್ಕಿಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಹೋಯಿತು. ನಮ್ಮ ಪೂಲ್ 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿ ತಾವೇ ಮಾರುವಂತಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನ ತೋಟಗಳಲ್ಲಿ ಕಡುಚಳಿಗೆ ಇಬ್ಬನಿ ಹೆಪ್ಪುಗಟ್ಟಿ ದರ ಗಗನಕ್ಕೇರಿದ್ದರಿಂದ ಮುಕ್ತ ಮಾರುಕಟ್ಟೆಯೇ ಹಣ ತಂದಿತೆಂದು ಹಲವರು ನಂಬಿದರು. ಅಷ್ಟರಲ್ಲಿ ವಿಯೆಟ್ನಾಂ ಭಾರಿ ಪ್ರಮಾಣದಲ್ಲಿ ರೋಬಸ್ಟಾ ನೆಟ್ಟಿತ್ತು. 2001-02ರಲ್ಲಿ ದರ ಪಾತಾಳ ಕಂಡಾಗ ತಡೆಯಲು ಯಾವ ಗೋಡೆಯೂ ಉಳಿದಿರಲಿಲ್ಲ. ಪೂಲ್ ತೆಗೆದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದರ ಜಾಗದಲ್ಲಿ ಸಣ್ಣ ಬೆಳೆಗಾರರಿಗೆ ದರ ಕುಸಿತದಿಂದ ರಕ್ಷಣೆ ಕೊಡುವ ಏನನ್ನಾದರೂ ಇಡಬೇಕಿತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಲಂಡನ್ ರೋಬಸ್ಟಾ ದರ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಗೆ 340 ರೂಪಾಯಿ ಆಯಿತು. ಭಾರತದ ಕಾಫಿಗೆ ಸಿಗುವ ಹೆಚ್ಚುವರಿ ದರವನ್ನು ಇದಕ್ಕೆ ಕೂಡಿಸಬೇಕು, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು), ಸಾಗಣೆ, ವರ್ತಕರ ಪಾಲು ಕಳೆಯಬೇಕು. ಕೊನೆಗೆ 310 ಉಳಿಯಿತೆನ್ನಿ. ನಿಮ್ಮ 50 ಕಿಲೋ ಚೆರಿ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ಮೂಟೆಯ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಹಸನಾದ ಬೀಜದ ಕಿಲೋ ಲೆಕ್ಕ, 26 ಬಂದರೆ 8,060 ರೂಪಾಯಿ, 24 ಬಂದರೆ 7,440. ಲಂಡನ್ನಿನಲ್ಲಿ ಟನ್ನಿಗೆ 100 ಡಾಲರ್ ಇಳಿದರೆ 26ರ ಮೂಟೆಗೆ ಬೀಳುವ ಹೊಡೆತ 221 ರೂಪಾಯಿ. ಡಾಲರ್ ಒಂದು ರೂಪಾಯಿ ಏರಿದರೆ 104 ರೂಪಾಯಿ ಹೆಚ್ಚು. ಹಾಗಾಗಿ ಲಂಡನ್ ದರ ಬಿದ್ದಿತೆಂದು ವರ್ತಕರು ಹೇಳಿದಾಗ ಆ ದಿನದ ಡಾಲರ್ ದರವನ್ನೂ ಕೇಳಿ. ಔಟ್‌ಟರ್ನ್ ತೆಗೆಯುವಾಗ ಎದುರಿಗೇ ನಿಂತು ನೋಡಿ. ಮೇಲಿನ ಲೆಕ್ಕದಲ್ಲಿ ಅದು ಒಂದು ಪಾಯಿಂಟ್ ಕಡಿಮೆ ಬಂದರೂ 310 ರೂಪಾಯಿ ಅಲ್ಲಿಯೇ ಹೋಗುತ್ತದೆ, ಲಂಡನ್ನಿನಲ್ಲಿ ಟನ್ನಿಗೆ ಸುಮಾರು 140 ಡಾಲರ್ ಇಳಿದರೆ ಬೀಳುವ ಹೊಡೆತಕ್ಕೆ ಅದು ಸಮ.

ಪತ್ರದಲ್ಲಿ ನೀವು ಕೇಳದ, ಆದರೆ ಹತ್ತಿರ ಬರುತ್ತಿರುವ ಇನ್ನೊಂದು ವಿಷಯ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಕೊಳ್ಳಬಾರದೆಂದು ಯೂರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿ ಮುಂದಕ್ಕೆ ಹೋಗುತ್ತಿದ್ದರೂ ಕಾನೂನು ಇದೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ ಆ ಒಕ್ಕೂಟದಲ್ಲೇ ಇದೆ. ನಾಲ್ಕು ಹೆಕ್ಟೇರಿನೊಳಗಿನ ತೋಟಕ್ಕೆ ಜಿಪಿಎಸ್‌ನ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ಗಡಿ ಗುರುತು ಬೇಕು. ಪಹಣಿಯ ಜೊತೆಗೆ ಇದನ್ನೂ ಈಗಲೇ ಮಾಡಿಸಿಟ್ಟುಕೊಳ್ಳಿ.

— ಸಂಪಾದಕ